ಅಪ್ಪನ ಪದ್ಯ ಎಲ್ಲಿದೆ?

‘ಕಾವ್ಯದಲ್ಲಿ ಅಪ್ಪ ಮತ್ತು ಮನೆ’ ಎಂಬ ವಿಷಯದ ಮೇಲೆ ಏನಾದರೂ ಬರೆದುಕೊಡಿ ಎಂದು ಸಂಘದ ಗೆಳೆಯರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಒಂದು ಸಣ್ಣ ಪರೀಕ್ಷೆ. ನೀವೂ ಮಾಡಿ ನೋಡಬಹುದು. ಅಮ್ಮನ ಮೇಲಿನ ಕನ್ನಡ ಪದ್ಯ ಹೇಳಿ ಎಂದರೆ ನಿಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ಲಂಕೇಶರ ‘ಅವ್ವ’ ತಕ್ಷಣ ಬಾಯಿಗೆ ಬರುತ್ತದೆ. ಬಿ.ಆರ್. ಲಕ್ಷ್ಮಣರಾವ್ ಅಮ್ಮನನ್ನು ಕುರಿತು ಬರೆದ ಭಾವಗೀತೆಯನ್ನು ಕವಿಯ ಹೆಸರು ಗೊತ್ತಿಲ್ಲದವರೂ ಹಾಡುತ್ತಾರೆ. ಈಗ ಅಪ್ಪನ ಮೇಲಿನ ಪದ್ಯ ಹೇಳಿ ಎನ್ನಿ. ಒಂದು ಕ್ಷಣ ಎಲ್ಲರೂ ಚಾವಣಿ ನೋಡುತ್ತೀರಿ. ಆ ಒಂದು ಕ್ಷಣದ ಬಗ್ಗೆಯೇ ಈ ಬರೆಹ.

ನಮ್ಮ ಕಾವ್ಯದಲ್ಲಿ ಅಪ್ಪ ಇಲ್ಲವೇ ಇಲ್ಲ ಎಂದಲ್ಲ. ಹುಡುಕಿದರೆ ಸಿಗುತ್ತಾನೆ. ಆದರೆ ಸಿಗುವ ಜಾಗ ಯಾವುದು ನೋಡಿ. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳನ್ನು ದಾಟಿಕೊಂಡು ಬರುತ್ತಾನೆ. ಮಗ ಲಕ್ಷಣಕುಮಾರನ ಹೆಣ ಕಾಣುತ್ತದೆ. ತಂದೆಗೆ ಮಗ ತರ್ಪಣ ಕೊಡಬೇಕಾದ ಲೋಕದ ಕ್ರಮ ತಲೆಕೆಳಗಾಯಿತಲ್ಲ ಎಂದು ಅವನು ಅಲ್ಲಿ ಮರುಗುತ್ತಾನೆ. ಅಷ್ಟು ಹೊತ್ತು ಛಲದ ಮಾತನ್ನೇ ಆಡುತ್ತಿದ್ದವನು ಅಲ್ಲಿ ಬರೀ ಅಪ್ಪ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕೆ ಬನ್ನಿ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ತಾಯಿ ಸುಡುಗಾಡಿಗೆ ಹೊತ್ತು ತರುತ್ತಾಳೆ. ಅಪ್ಪ ಅಲ್ಲಿ ಕಾವಲಿನವನು, ಹೆಣ ಸುಡುವ ತೆರಿಗೆ ಕೇಳಬೇಕಾದವನು. ತಾಯಿಗೆ ಅಳುವ ಹಕ್ಕಿದೆ. ಅಪ್ಪನಿಗೆ ಧಣಿಯ ಲೆಕ್ಕ ಒಪ್ಪಿಸುವ ಕೆಲಸ ಇದೆ. ಇಬ್ಬರು ಮಹಾಕವಿಗಳೂ ಅಪ್ಪನೊಳಗಿನ ಅಪ್ಪನನ್ನು ಹೊರಗೆ ಕರೆದದ್ದು ಮಗ ಸತ್ತ ಮೇಲೆ. ಮಗ ಬದುಕಿರುವಾಗ, ಸಂಜೆ ಮನೆಗೆ ಬಂದು ಕಾಲು ತೊಳೆದುಕೊಳ್ಳುವ ಅಪ್ಪನಿಗೆ ಅಲ್ಲಿ ಜಾಗವಿಲ್ಲ.

ದಾಸರ ಕಡೆ ತಿರುಗಿದರೆ ಕೃಷ್ಣನ ತುಂಟಾಟದ ಹಾಡುಗಳಲ್ಲಿ ಮನೆ ತುಂಬಾ ಇದೆ. ಹಾಲು, ಬೆಣ್ಣೆ, ನೆರೆಮನೆಯವರ ದೂರು, ಗುಮ್ಮನ ಹೆದರಿಕೆ, ಎಲ್ಲ ಇದೆ. ಮಾತೆಲ್ಲ ಯಶೋದೆಗೂ ಮಗನಿಗೂ ನಡುವೆ. ನಂದಗೋಪ ಎಲ್ಲಿಗೆ ಹೋದ? ದನಗಳ ಹಿಂದೆ ಹೋಗಿರಬೇಕು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ತೆರೆದರೆ ಅಲ್ಲಿಯೂ ತಾಯಿ, ಕೂಸು, ಅಣ್ಣ, ತವರು. ತಂದೆ ಬರುತ್ತಾನೆ, ಹೆಚ್ಚಾಗಿ ತವರಿನ ಯಜಮಾನನಾಗಿ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಹಾಡು ಕಟ್ಟಿದವರು ಹೆಂಗಸರು. ಕಣ್ಣ ಮುಂದೆ ಇದ್ದದ್ದು ಕೂಸು, ಮನಸ್ಸಿನಲ್ಲಿ ಇದ್ದದ್ದು ತವರು. ಯಾರು ಎದುರಿಗಿದ್ದರೋ ಅವರು ಹಾಡಾದರು. ಹೊರಗೆ ಹೋದವನು ಹಾಡಿನಿಂದಲೂ ಹೊರಗೆ ಉಳಿದ.

ಹೊರಗೆ ಹೋದವನು ಎಂಬ ಮಾತು ನಮ್ಮ ಊರಿನ ಮಟ್ಟಿಗೆ ಅಕ್ಷರಶಃ ನಿಜ. ನಮ್ಮದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲೂಕಿನ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲಿ ಗಂಡಸರೆಂದರೆ ಮುದುಕರು ಮತ್ತು ಹುಡುಗರು. ನಡುವಿನವರು ಮುಂಬಯಿಯ ಹೋಟೆಲುಗಳಲ್ಲಿ. ಹನ್ನೆರಡು ಹದಿಮೂರಕ್ಕೆ ಮಾಣಿಯಾಗಿ ಹೋದವರು ಲೋಟ ತೊಳೆದು, ಮೇಜು ಒರಸಿ, ಕೆಲವರು ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ, ಸಪ್ಲೈಯರ್ ಆಗಿ, ಅದೃಷ್ಟವಿದ್ದರೆ ಗಲ್ಲಾದಲ್ಲಿ ಕೂರುತ್ತಿದ್ದರು. ನಮ್ಮ ಅಪ್ಪಯ್ಯ ಗಲ್ಲಾಕ್ಕೆ ಬಂದದ್ದು ಸುಮಾರು ಮೂವತ್ತೈದರ ವಯಸ್ಸಿಗೆ. ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ, ಇಪ್ಪತ್ತು ದಿನಕ್ಕೆ ಊರಿಗೆ ಬರುತ್ತಿದ್ದರು. ಬಂದ ಮೊದಲ ಎರಡು ದಿನ ನಾವು ಅವರನ್ನು ‘ನೆಂಟರು’ ಎಂಬ ಹಾಗೆ ಬಾಗಿಲ ಸಂದಿಯಿಂದ ನೋಡುವುದು. ಸಲಿಗೆ ಬರುವ ಹೊತ್ತಿಗೆ ಅವರ ಟ್ರಂಕು ಮತ್ತೆ ಜಗಲಿಗೆ ಬಂದಿರುತ್ತಿತ್ತು.

ಹಾಗಾದರೆ ಉಳಿದ ಹನ್ನೊಂದು ತಿಂಗಳು ಅಪ್ಪ ಎಂದರೆ ಏನು? ಮನಿಆರ್ಡರು. ಈಗಿನ ನಿಮಗೆ ಇದನ್ನು ಸ್ವಲ್ಪ ವಿವರಿಸಬೇಕು. ಹಳೆಯ ಕಾಗದದ ಮನಿಆರ್ಡರು ೨೦೧೫ರಲ್ಲಿ ನಿಂತುಹೋಯಿತು. ಆ ಫಾರ್ಮಿನ ಕೆಳಗೆ ಒಂದು ಹರಿಯುವ ತುಂಡು ಇರುತ್ತಿತ್ತು. ಕೂಪನ್ನು. ಅದರಲ್ಲಿ ಹಣ ಕಳಿಸುವವನು ಎರಡು ಮೂರು ಸಾಲು ಬರೆಯಲು ಜಾಗ. ಪೋಸ್ಟಿನವರು ಹಣ ಎಣಿಸಿ ಕೊಟ್ಟು, ಕೂಪನ್ನನ್ನು ಹರಿದು ಕೈಗಿಡುತ್ತಿದ್ದರು. ಹಣ ಪಡೆದವರು ಸಹಿ ಮಾಡಿದ ಇನ್ನೊಂದು ತುಂಡು, ಅಂದರೆ ರಸೀದಿ, ಕಳಿಸಿದವನಿಗೆ ಹಿಂದಕ್ಕೆ ಹೋಗುತ್ತಿತ್ತು. ಅಪ್ಪಯ್ಯ ಬೇರೆ ಕಾಗದ ಬರೆಯುತ್ತಿದ್ದದ್ದು ಅಪರೂಪ. ಇನ್‌ಲ್ಯಾಂಡಿಗೆ ಬೇರೆ ದುಡ್ಡು, ಬರೆಯಲಿಕ್ಕೆ ಬೇರೆ ಹೊತ್ತು. ಹೇಳುವುದೆಲ್ಲ ಆ ಎರಡು ಮೂರು ಸಾಲಿನಲ್ಲೇ ಮುಗಿಯಬೇಕು.

ಆ ಸಾಲುಗಳನ್ನು ನೀವು ನೋಡಬೇಕಿತ್ತು. “ಕ್ಷೇಮ. ೬೦ ಕಳಿಸಿದೆ. ಅಂಗಡಿ ಬಾಕಿ ೧೮ ಕೊಟ್ಟು ಚುಕ್ತಾ ಮಾಡುವುದು.” “ಕ್ಷೇಮ. ೬೦ ಕಳಿಸಿದೆ. ಮಾಡಿನ ಹೆಂಚು ಮಳೆಗೆ ಮುಂಚೆ ನೋಡಿಸುವುದು. ಮಕ್ಕಳನ್ನು ಹೊಳೆಗೆ ಬಿಡಬೇಡ.” “ಕ್ಷೇಮ. ೬೫ ಕಳಿಸಿದೆ. ೫ ಹುಡುಗನ ಪುಸ್ತಕಕ್ಕೆ.” ಅಮ್ಮನ ಹೆಸರಿಲ್ಲ, ಪ್ರೀತಿಯ ಎಂಬ ಮಾತಿಲ್ಲ, ನಿಮ್ಮ ನೆನಪಾಗುತ್ತದೆ ಎಂಬುದಿಲ್ಲ. ಎಲ್ಲ ಕೂಪನ್ನೂ ‘ಕ್ಷೇಮ’ದಿಂದ ಶುರು. ಅಮ್ಮ ಓದಿ, ಅಡುಗೆಮನೆಯ ಗೋಡೆಯ ಮೇಲಿದ್ದ ಬಗ್ಗಿಸಿದ ತಂತಿಗೆ ಚುಚ್ಚಿಡುವಳು. ಕಂದಾಯದ ಚೀಟಿ, ಅಂಗಡಿ ಚೀಟಿ, ಅಪ್ಪಯ್ಯನ ಕೂಪನ್ನು ಎಲ್ಲ ಒಂದೇ ತಂತಿಗೆ.

೧೯೬೯ರ ಆಷಾಢದಲ್ಲಿ ನನ್ನ ತಂಗಿ ಜ್ವರ ಬಂದು ತೀರಿಕೊಂಡಳು. ಎರಡು ವರ್ಷದ ಕೂಸು. ಹೊಳೆ ತುಂಬಿ ದೋಣಿ ನಿಂತಿತ್ತು. ಡಾಕ್ಟರ ಹತ್ತಿರ ಒಯ್ಯುವುದಕ್ಕೆ ಆಗಲಿಲ್ಲ. ನನಗೆ ಆಗ ಒಂಬತ್ತು, ಅಕ್ಕನಿಗೆ ಹನ್ನೆರಡು. ಮುಂಬಯಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು ೧೯೯೮ರಲ್ಲಿ. ಆಗ ಬಸ್ಸಿನಲ್ಲಿ ಪುಣೆ, ಬೆಳಗಾವಿ, ಹುಬ್ಬಳ್ಳಿ ದಾಟಿ, ಮಳೆಯಲ್ಲಿ ಘಟ್ಟ ಇಳಿದು ಬರಬೇಕು. ಅಪ್ಪಯ್ಯ ಬರಲಿಲ್ಲ. ಬಂದದ್ದು ಮನಿಆರ್ಡರು. ಯಾವಾಗಿನ ಅರವತ್ತರ ಬದಲು ಎಂಬತ್ತೈದು. ಕೂಪನ್ನಿನ ಮೇಲೆ ಇಷ್ಟೇ ಇತ್ತು: “೮೫ ಕಳಿಸಿದೆ. ಹಾಲು ನಿಲ್ಲಿಸಬೇಡ.”

ಆ ಒಂದು ಕೂಪನ್ನಿನಲ್ಲಿ ಮಾತ್ರ ‘ಕ್ಷೇಮ’ ಇರಲಿಲ್ಲ.

ತಂಗಿಗೆಂದು ಬಡಗು ಮನೆಯಿಂದ ದಿನಾ ಎರಡು ಕುಡ್ತೆ ಹಾಲು ತರುತ್ತಿದ್ದೆವು. ಅವಳು ಹೋದ ಮಾರನೆಯ ದಿನವೇ ಅಮ್ಮ ಹಾಲು ಬೇಡವೆಂದು ಹೇಳಿಕಳಿಸಿದ್ದಳು. ಕೂಪನ್ನು ಓದಿದವಳು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈಗೆ ತಂಬಿಗೆ ಕೊಟ್ಟು “ಹೋಗ್, ಹಾಲ್ ತಕಂಡ್ ಬಾ” ಎಂದಳು. ಆ ವರ್ಷವೆಲ್ಲ ನಾನೂ ಅಕ್ಕನೂ ಹಾಲು ಕುಡಿದೆವು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಎಂಟೊಂಬತ್ತು ವರ್ಷದ ಮೇಲೆ ಇದೇ ಮುಂಬಯಿಯ ಕಾಲೇಜೊಂದರ ಕನ್ನಡ ತರಗತಿಯಲ್ಲಿ ನಾನು ಬೇಂದ್ರೆಯವರ ಆ ಪದ್ಯ ಕೇಳಿದೆ. ಯಾವ ಪದ್ಯ ಎಂದು ಹೇಳಬೇಕಾಗಿಲ್ಲ. ಮಗುವನ್ನು ಕಳಕೊಂಡ ಗಂಡ ಹೆಂಡತಿಗೆ ಹಾಗೆ ನನ್ನನ್ನು ನೋಡಬೇಡ ಎಂದು ಬೇಡಿಕೊಳ್ಳುವ ಪದ್ಯ. ಬೇಂದ್ರೆ ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಕಳಕೊಂಡವರು. ನಮ್ಮ ಮೇಷ್ಟ್ರು ಧಾರವಾಡದ ಕಡೆಯವರು, ಅವರದೇ ಮಾತಿನಲ್ಲಿ ಓದಿದರು. ತರಗತಿಯಲ್ಲಿ ಹದಿನಾಲ್ಕು ಜನ. ಓದಿ ಮುಗಿಸಿ ಅವರು ಒಂದೇ ಪ್ರಶ್ನೆ ಕೇಳಿದರು: “ಈ ಪದ್ಯದಾಗ ಅಪ್ಪ ಕೂಸಿನ ಬಗ್ಗೆ ಎಷ್ಟು ಮಾತಾಡ್ಯಾನ?” ನಾವು ಮತ್ತೆ ಪುಸ್ತಕ ನೋಡಿದೆವು. ಮಾತೆಲ್ಲ ತಾಯಿಯ ಮುಖದ ಬಗ್ಗೆ, ಅವಳ ಕಣ್ಣಿನ ಬಗ್ಗೆ. ತನ್ನ ದುಃಖವನ್ನು ಅಪ್ಪ ತನ್ನದೆಂದು ಹೇಳಿಕೊಳ್ಳುವುದಿಲ್ಲ. ಅದು ಹೆಂಡತಿಯ ಮುಖದಲ್ಲಿ ಕಾಣುತ್ತಿದೆ, ಅದನ್ನು ನೋಡಲಾರೆ ಎನ್ನುತ್ತಾನೆ, ಅಷ್ಟೆ.

ನನಗೆ ಅಂದು ಹಾಲಿನ ತಂಬಿಗೆ ನೆನಪಾಯಿತು. ಬೇಂದ್ರೆ ಎಲ್ಲಿ, ಗಲ್ಲಾದ ಅಪ್ಪಯ್ಯ ಎಲ್ಲಿ. ಒಬ್ಬರದು ಕನ್ನಡದ ದೊಡ್ಡ ಪದ್ಯ, ಇನ್ನೊಬ್ಬರದು ಪೋಸ್ಟಿನ ಫಾರ್ಮು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ದಾರಿ ಒಂದೇ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಪ್ಪ ದುಃಖವನ್ನು ದುಃಖವೆಂದು ಹೇಳುವುದಿಲ್ಲ. ಇನ್ನೇನನ್ನೋ ಮಾಡು ಎನ್ನುತ್ತಾನೆ, ಇಲ್ಲವೆ ಮಾಡಬೇಡ ಎನ್ನುತ್ತಾನೆ. ನೋಡಬೇಡ. ನಿಲ್ಲಿಸಬೇಡ. ಅಪ್ಪನ ಭಾಷೆ ವಿಧಿ-ನಿಷೇಧದ ಭಾಷೆ ಎಂದು ವ್ಯಾಕರಣದವರು ಹೇಳಬಹುದು. ಆ ‘ಬೇಡ’ದ ಹಿಂದೆ ಏನಿದೆ ಎಂದು ನೋಡುವುದು ವ್ಯಾಕರಣದ ಕೆಲಸವಲ್ಲ, ಕಾವ್ಯದ ಕೆಲಸ.

ಕಾಲೇಜಿಗೆಂದು ೧೯೭೭ರಲ್ಲಿ ಮುಂಬಯಿಗೆ ಬಂದ ಮೇಲೆ ಅಪ್ಪಯ್ಯನ ಜೊತೆ ಇದ್ದೆ. ‘ಜೊತೆ’ ಎಂಬುದಕ್ಕೂ ಅರ್ಥ ಹೇಳಬೇಕು. ಅದುವರೆಗೆ ಹೋಟೆಲಿನ ಅಟ್ಟದ ಮೇಲೆ ಮಲಗುತ್ತಿದ್ದವರು ನನಗಾಗಿ ವಡಾಲದ ಒಂದು ಖೋಲಿಯಲ್ಲಿ ಎರಡು ಜನರ ಜಾಗ ಹಿಡಿದರು. ಖೋಲಿಯಲ್ಲಿ ಒಟ್ಟು ಏಳು ಜನ, ಎಲ್ಲ ನಮ್ಮ ಕಡೆಯವರೇ. ಅಪ್ಪಯ್ಯ ಬೆಳಿಗ್ಗೆ ಐದಕ್ಕೆ ಹೊರಟರೆ ರಾತ್ರಿ ಹನ್ನೊಂದಕ್ಕೆ ಬರುವುದು. ನಮ್ಮ ಮಾತು ಹೀಗೆ:

“ಊಟ ಆಯ್ತಾ?”

“ಆಯ್ತು.”

“ಫೀಸಿಗೆ ಎಷ್ಟ್ ಬೇಕ್?”

“ಈ ತಿಂಗ್ಳ್ ಬೇಡ.”

ನಮ್ಮ ಸಂಘದ ಪತ್ರಿಕೆಯಲ್ಲಿ ನನ್ನ ಮೊದಲ ಪದ್ಯ ಬಂದಾಗ ಒಯ್ದು ಕೊಟ್ಟೆ. ಆಗ ನಾವು ಮೇಣದ ಸ್ಟೆನ್ಸಿಲ್ ಮೇಲೆ ಉಕ್ಕಿನ ಕಡ್ಡಿಯಿಂದ ಕೈಯಲ್ಲೇ ಅಕ್ಷರ ಕೊರೆದು ಪ್ರತಿ ತೆಗೆಯುತ್ತಿದ್ದೆವು. ಅರ್ಧ ಪುಟ ಮಸಿ, ಅರ್ಧ ಪುಟ ಮಾಯ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಅಕ್ಷರ ಯಾರದ್? ನಿಂದಾ? ಚೆಂದ ಇತ್ತ್” ಎಂದರು. ಪದ್ಯದ ಬಗ್ಗೆ ಏನೂ ಇಲ್ಲ. ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಮರುದಿನ ಹೋಟೆಲಿಗೆ ಹೋದಾಗ ನೋಡಿದೆ, ಗಲ್ಲಾದ ಹಲಗೆಯ ಮೇಲಿನ ಗಾಜಿನ ಕೆಳಗೆ, ದೇವರ ಪಟದ ಪಕ್ಕ, ಆ ಹಾಳೆ ಇತ್ತು. ಗಿರಾಕಿಗಳು ಮಸಾಲೆದೋಸೆಯ ದುಡ್ಡು ಕೊಡುವಾಗ ಅದರ ಮೇಲೆಯೇ ಚಿಲ್ಲರೆ ಎಣಿಸುತ್ತಿದ್ದರು.

ಒಂದು ರಾತ್ರಿ ಹೋಟೆಲು ಮುಚ್ಚಿದ ಮೇಲೆ, ಅವರು ನಾಣ್ಯ ಬೇರೆ ಬೇರೆ ಮಾಡಿ ಗುಡ್ಡೆ ಹಾಕುತ್ತಿದ್ದಾಗ ಕೇಳಿದೆ. “ಅಪ್ಪಯ್ಯ, ಆ ವರ್ಷ ಹಾಲ್ ನಿಲ್ಸ್‌ಬೇಡ ಅಂತ ಬರ್ದದ್ದ್ ನೆನಪಿತ್ತಾ?” ಅವರು ತಲೆ ಎತ್ತಲಿಲ್ಲ. ನಾಲ್ಕಾಣೆಗಳ ಗುಡ್ಡೆ ಎಣಿಸಿ ಮುಗಿಸಿ ಚೀಟಿಯಲ್ಲಿ ಬರೆದರು. ಆಮೇಲೆ ಹೇಳಿದರು: “ಹಾಲ್ ಎಂತಕ್ಕೆ ನಿಲ್ಸುದ್? ನೀವಿಬ್ರ್ ಇರ್ಲಿಲ್ಯಾ?”

ಅಷ್ಟೇ. ನಮ್ಮ ತಂಗಿಯ ಬಗ್ಗೆ ಅಪ್ಪಯ್ಯ ನನ್ನ ಹತ್ತಿರ ಆಡಿದ ಮಾತು ಬದುಕಿನಲ್ಲಿ ಅದೊಂದೇ. ಅದರಲ್ಲೂ ಅವಳಿಲ್ಲ, ಉಳಿದ ನಾವಿದ್ದೇವೆ.

ಇನ್ನು ಮನೆಯ ಕಾವ್ಯಕ್ಕೆ ಬರೋಣ. ದಿನಬಳಕೆಯ ಮನೆ ಕನ್ನಡ ಪದ್ಯದೊಳಕ್ಕೆ ಸಂಕೋಚವಿಲ್ಲದೆ ನಡೆದು ಬಂದದ್ದರಲ್ಲಿ ಇಬ್ಬರ ಪಾಲು ದೊಡ್ಡದು. ಬೇಂದ್ರೆಯವರ ‘ಸಖೀಗೀತ’ ೧೯೩೭ರದು, ದಾಂಪತ್ಯದ ಕಷ್ಟಸುಖವನ್ನೇ ಹಿಡಿದು ಕೂತ ಕಾವ್ಯ. ಆಮೇಲೆ ೧೯೪೨ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’. ಕವಿಗೆ ಆಗ ಇಪ್ಪತ್ತೇಳು. ಹೆಂಡತಿಯ ಊರು, ಮಾವನ ಮನೆ, ನಾದಿನಿ, ಬಳೆಗಾರ, ಇವೆಲ್ಲ ಕಾವ್ಯದ ವಸ್ತು ಎಂದು ಮದುವೆಮನೆಗಳಲ್ಲಿ ಹಾಡುವ ಹಾಗೆ ಹೇಳಿದವರು ಅವರು. ಆದರೆ ನಾವು ಅವರನ್ನು ಮಲ್ಲಿಗೆಯ ಕವಿ ಎಂದು ಕರೆದು ಅಲ್ಲಿಯೇ ಬಿಟ್ಟುಬಿಡುತ್ತೇವೆ. ಅವರ ಪುಸ್ತಕಗಳ ಹೆಸರನ್ನೇ ಸಾಲಾಗಿ ಇಟ್ಟು ನೋಡಿ. ‘ಮೈಸೂರ ಮಲ್ಲಿಗೆ’, ‘ದೀಪದ ಮಲ್ಲಿ’, ‘ಇರುವಂತಿಗೆ’. ಇವು ಹೂವು. ಮುಂದೆ ‘ಶಿಲಾಲತೆ’, ‘ಮನೆಯಿಂದ ಮನೆಗೆ’, ‘ತೆರೆದ ಬಾಗಿಲು’. ಹೂವು ಹೋಗಿ ಕಲ್ಲು, ಮನೆ, ಬಾಗಿಲು ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿ ೧೯೭೭ರಲ್ಲಿ ಪ್ರಶಸ್ತಿ ಕೊಟ್ಟದ್ದು ‘ತೆರೆದ ಬಾಗಿಲು’ ಸಂಕಲನಕ್ಕೆ. ಸರ್ಕಾರಿ ಕಚೇರಿಯಲ್ಲಿ ದುಡಿದು ಸಂಸಾರ ತೂಗಿಸಿದ ಒಬ್ಬ ಗೃಹಸ್ಥನ ಪೂರ್ತಿ ಬದುಕು ಆ ಹೆಸರುಗಳಲ್ಲೇ ನಡೆದುಹೋಗುತ್ತದೆ. ಹೊಸ ಗಂಡನ ಹಾಡು ಎಲ್ಲರಿಗೂ ಗೊತ್ತು. ಅವನೇ ಮುಂದೆ ಬಾಡಿಗೆ, ಮಕ್ಕಳು, ನಿವೃತ್ತಿ ಕಂಡವನಾಗಿ ಬರೆದದ್ದನ್ನು ನಮ್ಮ ಗೋಷ್ಠಿಗಳಲ್ಲಿ ಯಾರೂ ಓದುವುದಿಲ್ಲ. ಇದು ನಿಮಗೆ ಕೊಡುತ್ತಿರುವ ಮನೆಗೆಲಸ ಎಂದೇ ತಿಳಿಯಿರಿ.

ನವ್ಯದವರು ಬಂದ ಮೇಲೆ ಅಪ್ಪನ ಪಾಡು ಬೇರೆಯಾಯಿತು. ಅಪ್ಪ ಎಂದರೆ ಸಂಪ್ರದಾಯ, ಅಪ್ಪ ಎಂದರೆ ಎದುರು ನಿಂತು ಜಗಳ ಮಾಡಬೇಕಾದ ಗೋಡೆ. ಅದರಲ್ಲೂ ಸತ್ಯವಿತ್ತು, ಬೇಕಾಗಿಯೂ ಇತ್ತು. ಆದರೆ ಗೋಡೆಗೆ ಕಿಸೆ ಇರುವುದಿಲ್ಲ, ಕಿಸೆಯಲ್ಲಿ ಮಗನ ಪದ್ಯವೂ ಇರುವುದಿಲ್ಲ. ಈ ಜಗಳ ಮತ್ತು ಮಮತೆ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಕವಿ ಬೇಕೆಂದರೆ ನಾನು ಎ.ಕೆ. ರಾಮಾನುಜನ್ ಅವರ ಹತ್ತಿರ ಹೋಗುತ್ತೇನೆ. ಮೈಸೂರಿನವರು, ಕನ್ನಡದಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದವರು, ಷಿಕಾಗೋದಲ್ಲಿ ಪಾಠ ಹೇಳಿ ೧೯೯೩ರಲ್ಲಿ ಅಲ್ಲಿಯೇ ತೀರಿಕೊಂಡವರು. ಅವರ ತಂದೆ ಮೈಸೂರಿನಲ್ಲಿ ಗಣಿತದ ಪ್ರೊಫೆಸರ್. ಆ ತಂದೆ ಖಗೋಳವಿಜ್ಞಾನವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಇವೆರಡೂ ಒಂದೇ ತಲೆಯಲ್ಲಿ ಹೇಗೆ ಇರುತ್ತವೆ ಎಂದು ಮಗನಿಗೆ ಕಾಡಿದ ಬೆರಗನ್ನು ಅವರು ೧೯೮೯ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ೧೯೭೧ರ ‘ರಿಲೇಷನ್ಸ್’ ಎಂಬ ಅವರ ಇಂಗ್ಲಿಷ್ ಸಂಕಲನದಲ್ಲಿ ಅಪ್ಪನ ಸಾವಿನ ಮೇಲೆ ಒಂದು ಪದ್ಯವಿದೆ. ಗೋಳಾಟವಿಲ್ಲ. ಅಪ್ಪ ಏನೇನು ಬಿಟ್ಟುಹೋದ ಎಂದು ಲೆಕ್ಕ ಕೊಡುವವನ ಧಾಟಿ. ಸ್ವಲ್ಪ ಕುಹಕವೂ ಇದೆ. ಓದಿ ಮುಗಿಸಿದಾಗ ಮಾತ್ರ ಲೆಕ್ಕದ ಕೊನೆಗೆ ಏನೋ ಕಡಿಮೆ ಬಿದ್ದದ್ದು ಗೊತ್ತಾಗುತ್ತದೆ.

ಲೆಕ್ಕ ಎಂಬ ಮಾತು ಬಂತು. ಅಪ್ಪನ ಪದ್ಯಕ್ಕೆ ಲೆಕ್ಕಕ್ಕಿಂತ ಒಳ್ಳೆಯ ಧಾಟಿ ಇಲ್ಲವೇನೋ ಎಂದು ನನಗೆ ಅನುಮಾನ. ಅಮ್ಮನ ಪದ್ಯಕ್ಕೆ ಲಾಲಿಯ ಲಯ ಇದೆ, ಸಾವಿರ ವರ್ಷದಿಂದ ಕಿವಿಗೆ ಬಿದ್ದದ್ದು. ಅಪ್ಪನಿಗೆ ಲಾಲಿ ಇಲ್ಲ. ಅವನಿಗಿರುವುದು ಚೀಟಿ, ಪಟ್ಟಿ, ಬಾಕಿ, ಚುಕ್ತಾ. ಅಥವಾ ಗದ್ಯ. ಕುವೆಂಪು ಅವರಂಥ ತಂದೆಯನ್ನು ಕುರಿತು ಮಗ ತೇಜಸ್ವಿ ಬರೆದದ್ದು ಗದ್ಯದಲ್ಲೇ, ೧೯೯೬ರ ‘ಅಣ್ಣನ ನೆನಪು’. ಅಲ್ಲಿ ರಾಷ್ಟ್ರಕವಿ ಇಲ್ಲ, ಮಕ್ಕಳು ಅಣ್ಣ ಎಂದು ಕರೆಯುತ್ತಿದ್ದ ಒಬ್ಬ ಮನುಷ್ಯ ಇದ್ದಾನೆ. ನಗುತ್ತ ಓದುತ್ತೇವೆ, ಅಪ್ಪ ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ.

ಸಂಘದ ಪತ್ರಿಕೆಗೆ ಬರುವ ಪದ್ಯಗಳನ್ನು ನಾನು ಹಲವು ವರ್ಷ ಆರಿಸಿದ್ದೇನೆ. ಅಪ್ಪನ ಮೇಲಿನ ಪದ್ಯಗಳೂ ಬರುತ್ತವೆ, ಇತ್ತೀಚೆಗೆ ಹೆಚ್ಚು. ಅವುಗಳಲ್ಲಿ ಅಪ್ಪ ಆಲದ ಮರ, ಇಲ್ಲವೆ ಹಿಮಾಲಯ, ಇಲ್ಲವೆ ತಾನು ಉರಿದು ಬೆಳಕು ಕೊಡುವ ದೀಪ. ಬರೆದವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆಲದ ಮರಕ್ಕೆ ಮಧುಮೇಹ ಬರುವುದಿಲ್ಲ. ಹಿಮಾಲಯ ಠಾಣೆಯಲ್ಲಿ ಗಾಡಿ ಬದಲಿಸುವುದಿಲ್ಲ. ನಿಮ್ಮ ಅಪ್ಪ ಬದಲಿಸುತ್ತಾರೆ. ಅವರು ಕೂರಲು ಜಾಗ ಸಿ���್ಕ ದಿನ ಮನೆಗೆ ಬಂದು ಅದನ್ನೇ ಎರಡು ಸಲ ಹೇಳುತ್ತಾರೆ. ಪದ್ಯ ಅಲ್ಲಿದೆ, ಹಿಮಾಲಯದಲ್ಲಿ ಅಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಸರಿಯಾಗುವುದಿಲ್ಲ. ಎಲ್ಲ ಅಪ್ಪಂದಿರೂ ಹಾಲು ನಿಲ್ಲಿಸಬೇಡ ಎಂದು ಬರೆದವರಲ್ಲ. ನಮ್ಮ ಕೇರಿಯಲ್ಲೇ ಮುಂಬಯಿಗೆ ಹೋಗಿ ಮನಿಆರ್ಡರು ನಿಲ್ಲಿಸಿದವರಿದ್ದರು. ಕುಡಿದು ಬಂದು ಹೊಡೆಯುವವರಿದ್ದರು. ನಿಮ್ಮಲ್ಲಿ ಒಬ್ಬರಿಗೆ ಅಪ್ಪ ಎಂದರೆ ಬಾಗಿಲ ಸದ್ದಿಗೆ ಮೈ ಬಿಗಿಯುವ ನೆನಪಿರಬಹುದು. ಅವರು ತ್ಯಾಗದ ಪದ್ಯ ಬರೆಯಬೇಕಾಗಿಲ್ಲ. ಆ ಬಾಗಿಲ ಸದ್ದನ್ನೇ ಸರಿಯಾಗಿ ಬರೆಯಲಿ. ಮತ್ತೆ, ಹಣ ಕಳಿಸಿದವನ ಪದ್ಯದಲ್ಲಿ ಹಣ ಪಡೆದವಳು ಮರೆಯಾಗಬಾರದು. ಅಪ್ಪಯ್ಯ “ಹೆಂಚು ನೋಡಿಸುವುದು” ಎಂದು ಬರೆದರೆ ಆಯಿತು, ಮಾಡಿನವನ ಮನೆಗೆ ನಾಲ್ಕು ಸಲ ನಡೆದದ್ದು ಅಮ್ಮ. ಅರವತ್ತು ರೂಪಾಯಿಯಲ್ಲಿ ತಿಂಗಳು ದಾಟಿಸಿದ್ದೂ ಅವಳೇ.

ಅಪ್ಪಯ್ಯ ೧೯೯೪ರಲ್ಲಿ ತೀರಿಕೊಂಡರು. ಅವರ ಟ್ರಂಕಿನಲ್ಲಿ ಎರಡು ಪಂಚೆ, ಒಂದು ಪಾಸ್‌ಬುಕ್ಕು, ಮಸಿ ಮಾಸಿದ ಆ ಹಾಳೆ, ಜೊತೆಗೆ ಪಾರ್ಸೆಲ್ ಕಟ್ಟುವ ನೂಲಿನಿಂದ ವರ್ಷವಾರು ಕಟ್ಟಿದ ಮನಿಆರ್ಡರು ರಸೀದಿಗಳು ಇದ್ದವು. ಅಮ್ಮನ ಸಹಿ ಇರುವ ತುಂಡುಗಳು. ಅವನ್ನು ಊರಿಗೆ ಒಯ್ದೆ. ಅಮ್ಮನ ತಂತಿಯ ಕೂಪನ್ನುಗಳನ್ನು ಇಳಿಸಿ, ಜಗಲಿಯಲ್ಲಿ ಕೂತು, ತಿಂಗಳಿಗೆ ತಿಂಗಳು ಹೊಂದಿಸಿ ಇಟ್ಟೆ. ಒಂದೇ ಫಾರ್ಮಿನ ಎರಡು ತುಂಡು, ಒಂದು ಮುಂಬಯಿಯಲ್ಲಿ, ಒಂದು ಊರಿನಲ್ಲಿ ಅಷ್ಟು ವರ್ಷ ಇದ್ದವು. ಆ ಆಷಾಢದ ರಸೀದಿಯೂ ಸಿಕ್ಕಿತು. ಅಮ್ಮನ ಸಹಿ ಬೇರೆ ತಿಂಗಳುಗಳ ಹಾಗೆಯೇ ಇದೆ, ಏನೂ ವ್ಯತ್ಯಾಸವಿಲ್ಲ. ಅಮ್ಮ ಒಳಗಿನಿಂದ ಬಂದು ನೋಡಿದಳು. “ಎಲ್ಲ ಇಟ್ಕಂಡಿದ್ರಾ?” ಎಂದು ಮಾತ್ರ ಕೇಳಿದಳು. ಆಮೇಲೆ ತಾನೇ ಆ ನೂಲಿನಿಂದ ಎರಡನ್ನೂ ಸೇರಿಸಿ ಕಟ್ಟಿದಳು.

೨೦೧೮ರಲ್ಲಿ ನನ್ನ ಮಗಳು ಪುಣೆಯಲ್ಲಿ ಓದುತ್ತಿದ್ದಾಗ ನಾನು ಫೋನಿನಿಂದಲೇ ದುಡ್ಡು ಕಳಿಸುತ್ತಿದ್ದೆ. ಅಲ್ಲಿಯೂ ಮೊತ್ತದ ಕೆಳಗೆ ಏನಾದರೂ ಬರೆಯಲು ಒಂದು ಸಣ್ಣ ಜಾಗ ಇದೆ. “ಮೆಸ್ಸಿನದು ೩೨೦೦. ಹಣ್ಣು ತಿನ್ನು” ಎಂದು ಬರೆದಿದ್ದೆ. ಅವಳು ಅದರ ಚಿತ್ರ ತೆಗೆದು ಗೆಳತಿಯರಿಗೆಲ್ಲ ತೋರಿಸಿ ನಕ್ಕಳಂತೆ. ನಗಲಿ. ಮುಂದೆ ಎಂದಾದರೂ ಬೇಕಾದರೆ ಅದು ಅವಳ ಹತ್ತಿರ ಇರುತ್ತದೆ.

ಈ ಊರಿನಲ್ಲಿ ಕನ್ನಡ ಬರೆಯುವ ನಿಮಗೆ ಒಂದು ವಿಶೇಷ ಅನುಕೂಲವಿದೆ. ನಿಮ್ಮಲ್ಲಿ ಹಲವರ ಅಪ್ಪಂದಿರು ಅಥವಾ ಅಜ್ಜಂದಿರು ಹೊರಟು ಬಂದವರು. ಅವರ ಕನ್ನಡ ಅವರು ಊರು ಬಿಟ್ಟ ವರ್ಷದಲ್ಲೇ ನಿಂತಿದೆ, ಅದಕ್ಕೆ ಮರಾಠಿ ಹಿಂದಿ ಅಂಟಿಕೊಂಡಿದೆ. ಮನೆಯಲ್ಲಿ ಕನ್ನಡದಲ್ಲಿ ಅವರು ಇನ್ನೂ ಆಡುವ ಮಾತುಗಳಲ್ಲಿ ಮುಕ್ಕಾಲು ಪಾಲು ದುಡ್ಡು, ಊಟ, ಹೊತ್ತು, ಗಾಡಿಯ ಬಗ್ಗೆಯೇ ಇರುತ್ತವೆ. ಅದನ್ನು ಬಡ ಭಾಷೆ ಎಂದು ತಿಳಿಯಬೇಡಿ. ಮುಂದಿನ ತಿಂಗಳ ಗೋಷ್ಠಿಗೆ ‘ಅಪ್ಪ’ ಎಂಬ ವಿಷಯವನ್ನೇ ಇಟ್ಟುಕೊಂಡಿದ್ದೀರಂತೆ. ಪದ್ಯ ಆಮೇಲೆ ಬರೆದರಾಯಿತು. ಮೊದಲು ಒಂದು ವಾರ ಸುಮ್ಮನೆ ಕಿವಿಗೊಟ್ಟು, ಅಪ್ಪ ಆಡಿದ ಮಾತುಗಳಲ್ಲಿ ಒಂದನ್ನು ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ, ಚೀಟಿಯಲ್ಲಿ ಬರೆದು ತನ್ನಿ. ಅಪ್ಪ ಇಲ್ಲದವರು ನೆನಪಿನಿಂದ ಒಂದು ತನ್ನಿ. ಹೆಸರು ಹಾಕುವುದು ಬೇಡ. ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದೋಣ. ನಾನೂ ಬರುತ್ತೇನೆ.